ಅಕ್ಕನ ಒಪ್ಪಿಗೆ

ಸುಂದರಿ ಪತ್ರೊಡೆಯ ಡಬ್ಬಿಯನ್ನು ಹಳೆಯ ಟವೆಲಿನಲ್ಲಿ ಸುತ್ತಿ, ಅದನ್ನೊಂದು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಆ ಚೀಲವನ್ನು ಇನ್ನೊಂದು ಚೀಲದಲ್ಲಿಟ್ಟು, ಬಾಯಿಗೆ ಗಂಟು ಬಿಗಿದು ಗಂಡನ ಕೈಗೆ ಕೊಡುವಾಗ, "ಓರೆ ಹಿಡಿಯಬೇಡಿ. ಟ್ರೇನಿನಲ್ಲಿ ಮಡಿಲ ಮೇಲೇ ಇಟ್ಟುಕೊಳ್ಳಿ. ಕಾವಲಿಗೆ ಸ್ವಲ್ಪ ತೆಂಗಿನೆಣ್ಣೆ ಬಿಟ್ಟು ಕಾಯಿಸಿ ತಿನ್ನಲಿಕ್ಕೆ ಹೇಳಿ ದೇವುವಿಗೆ" ಎಂದಳು. ತಾರಾನಾಥ ತಲೆಯಾಡಿಸಿದ. ಮಳೆಗಾಲದ ಮೊದಲ ಕೆಸುವಿನೆಲೆ. ನಿನ್ನೆ ಸಂಜೆ ಡೊಂಬಿವಲಿ ಸ್ಟೇಷನ್ನಿನ ಹೊರಗೆ ಕೂರುವ ಮುದುಕಿಯ ಬುಟ್ಟಿಯಿಂದ ಒಂದೊಂದೇ ಎಲೆ ಆರಿಸಿ, ಒದ್ದೆ ಕೊಡೆಯನ್ನು ಕಂಕುಳಲ್ಲಿ ಇರುಕಿಕೊಂಡು ತಂದವನು ಅವನೇ. ತಂದದ್ದು ತನಗೆಂದು. ಬೆಳಿಗ್ಗೆ ಹಬೆಯ ವಾಸನೆಗೆ ಎಚ್ಚರವಾಗಿ ಅಡುಗೆಮನೆಗೆ ಹೋದರೆ, "ಇದು ತಮ್ಮನಿಗೆ ಕಳಿಸಲಿಕ್ಕೆ ಸರಿಯಾಗ್ತದೆ ಅಷ್ಟೆ. ನಿಮಗೆ ಬರುವ ವಾರ ಮಾಡ್ತೇನೆ" ಎಂದಿದ್ದಳು. ಐವತ್ತು ದಾಟಿದ ಗಂಡಸು ಪತ್ರೊಡೆಯ ಒಂದು ತುಂಡಿಗಾಗಿ ಮುಖ ಊದಿಸಿಕೊಳ್ಳುವುದು ಶೋಭೆಯಲ್ಲ ಎಂದು ಅವನಿಗೂ ಗೊತ್ತಿತ್ತು. ಅದಕ್ಕೇ ಊದಿಸಿಕೊಳ್ಳಲಿಲ್ಲ, ಒಳಗೇ ಇಟ್ಟುಕೊಂಡ. ಹೀಗೆ ಒಳಗೆ ಇಟ್ಟುಕೊಂಡದ್ದು ಇಷ್ಟು ವರ್ಷಗಳಲ್ಲಿ ಬಹಳ ಸೇರಿತ್ತು. ಚೌತಿಗೆ ಉರಣ್‌ಗೆ ಬರುತ್ತೇವೆಂದು ಮಾಮನಿಗೆ ಹೇಳಿ ಎಂದು ಮಗಳು ದಿಶಾ ಒಳಗಿನಿಂದ ಮರಾಠಿಯಲ್ಲಿ ಕೂಗಿದಳು. "ಪಂಪಿನವ ಬಂದರೆ ಸರಿಯಾಗಿ ನೋಡಿಸಿ" ಎಂದು ಸುಂದರಿ ಮೆಟ್ಟಿಲ ತನಕ ಬಂದಳು. ಉರಣ್‌ನ ಸಮುದ್ರದಂಡೆಯಲ್ಲಿ ಅವಳ ತಮ್ಮ ದೇವದಾಸ ಕಟ್ಟಿಸಿದ ಮನೆಯ ನೀರಿನ ಪಂಪು ಕೆಟ್ಟಿದೆ, ರಿಪೇರಿಗೆ ಅವನು ಕರೆದಿದ್ದಾನೆ ಎಂದು ತಾರಾನಾಥ ಹೇಳಿದ್ದ. ಪಂಪು ಕೆಟ್ಟಿರಲಿಲ್ಲ. ಮನೆ ಮಾರಾಟಕ್ಕಿತ್ತು. ಅದನ್ನು ಅವಳಿಗೆ ಹೇಳಿ, ಅವಳು ಹೌದೆನ್ನುತ್ತಾಳೋ ಇಲ್ಲವೆನ್ನುತ್ತಾಳೋ ಕೇಳಿಕೊಂಡು ಹೋಗಬೇಕಿತ್ತು. ಬುಧವಾರದಿಂದ ಕೇಳಿರಲಿಲ್ಲ.

ಹಳಿ ರಿಪೇರಿಗೆಂದು ಭಾನುವಾರ ಮಾಡುವ ಮೆಗಾ ಬ್ಲಾಕಿನಿಂದಾಗಿ ಫಾಸ್ಟ್ ಗಾಡಿಗಳೂ ಸ್ಲೋ ಹಳಿಯ ಮೇಲೆ ತೆವಳುತ್ತಿದ್ದವು. ದಿವಾ, ಮುಂಬ್ರಾ, ಖಾಡಿಯ ಕಂದು ಹಿನ್ನೀರು. ಮಡಿಲಲ್ಲಿ ಡಬ್ಬಿ ಇನ್ನೂ ಬೆಚ್ಚಗಿತ್ತು. ತಾರಾನಾಥನದು ಶಹಾಡಿನ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುವ ಕೆಲಸ. ಊರೆಲ್ಲ ಮುಂಬಯಿ ಕಡೆ ನೇತಾಡಿಕೊಂಡು ಹೋಗುವಾಗ ಅವನು ಖಾಲಿ ಗಾಡಿಯಲ್ಲಿ ಉಲ್ಟಾ ಕಡೆ, ಕಲ್ಯಾಣ್ ದಾಟಿ ಹೋಗುವವನು. ದಿನವೂ ಕಿಟಕಿ ಸೀಟು ಸಿಗುತ್ತದಲ್ಲ, ಪುಣ್ಯವಂತ ಎಂದು ಹೌಸಿಂಗ್ ಸೊಸೈಟಿಯ ನೆರೆಯವರು ಹೇಳುತ್ತಿದ್ದರು. ಮುಂಬಯಿಯಲ್ಲಿ ಕೆಲಸ ಸಿಗದವನು ಎಂಬುದನ್ನು ಅವರು ಹೀಗೆ ಹೇಳುತ್ತಾರೆ ಎಂದು ಅವನು ತಿಳಿದಿದ್ದ. ಬುಧವಾರ ಅಲ್ಲೇ ಸ್ಟೋರ್ಸಿನಲ್ಲಿ, ಬೇರಿಂಗಿನ ಡಬ್ಬಗಳ ನಡುವೆ ನಿಂತಿರುವಾಗ ದೇವದಾಸನ ಫೋನು ಬಂದಿತ್ತು, ಹೆಂಡತಿ ಪುಷ್ಪಳ ಕಾಯಿಲೆಯ ಮಾತೆತ್ತಿ. "ಭಾವಾ, ಪುಷ್ಪನ ಉಬ್ಬಸ ಕಡಿಮೆ ಆಗುವುದಿಲ್ಲ. ಸಮುದ್ರದ ಗಾಳಿ ಬೇಡವೇ ಬೇಡ ಅಂತ ಡಾಕ್ಟರು. ಇನ್ನು ನಾವು ನೆರೂಳಿನಲ್ಲೇ ಇರುವುದು. ಬೀಗ ಹಾಕಿಟ್ಟರೆ ಮನೆ ಹಾಳಾಗ್ತದೆ. ಸೀವುಡ್ಸಿನವರೊಬ್ಬರು ಕೇಳ್ತಾ ಇದ್ದಾರೆ, ನಮ್ಮ ಹೋಟೆಲಿಗೆ ಬರುವವರು, ಕನ್ನಡದವರೇ. ಆದಿತ್ಯವಾರ ನೋಡಲಿಕ್ಕೆ ಬರ್ತಾರೆ. ನೀವು ಅಕ್ಕನ ಹತ್ತಿರ ಕೇಳಿಕೊಂಡು ಬನ್ನಿ. ಅವಳು ಬೇಡ ಅಂದರೆ ಬೇಡ, ಅಲ್ಲಿಗೇ ಮುಗಿಯಿತು." ಅವರ ಕುಟುಂಬದಲ್ಲಿ ಒಂದು ಕ್ರಮವಿತ್ತು. ಹೊಸ ಮನೆಗೆ ಮೊದಲು ದೀಪ ಹಿಡಿದು ಕಾಲಿಡುವವಳು ಕುಟುಂಬದ ಹೆಣ್ಣುಮಗಳು, ಅಕ್ಕನೋ ತಂಗಿಯೋ. ಹಾಗೆ ಕಾಲಿಟ್ಟವಳ ಮಾತಿಲ್ಲದೆ ಆ ಮನೆಯನ್ನು ಮಾರುವ ಹಾಗಿಲ್ಲ. ಅವಳಿಗೆ ಮದುವೆಯಾಗಿದ್ದರೆ ನೇರ ಕೇಳುವುದೂ ಇಲ್ಲ, ಅವಳ ಗಂಡನ ಮೂಲಕ ಕೇಳಬೇಕು, ಅವಳು ಗಂಡನ ಮೂಲಕವೇ ಉತ್ತರ ಹೇಳಿ ಕಳಿಸಬೇಕು. ಒಡಹುಟ್ಟಿದವನ ಮುಖ ನೋಡಿದರೆ ಹೆಣ್ಣುಮಕ್ಕಳಿಗೆ ಇಲ್ಲವೆನ್ನಲು ಬಾಯಿ ಬರುವುದಿಲ್ಲ ಎಂದು ಯಾವ ಕಾಲದ ಯಾವ ಹಿರಿಯ ಯೋಚಿಸಿದ್ದನೋ. ಗಂಡನ ಬಾಯಿಗೆ ಬಂದಾಗ ಆ ಉತ್ತರ ಏನಾಗಬಹುದು ಎಂದು ಮಾತ್ರ ಪುಣ್ಯಾತ್ಮ ಯೋಚಿಸಿರಲಿಲ್ಲ.

ಕೇಳಬಾರದೆಂದು ಅವನೇನೂ ನಿಶ್ಚಯಿಸಿರಲಿಲ್ಲ. ಬುಧವಾರ ರಾತ್ರಿ ಕೇಳಲೆಂದೇ ಬಾಯಿ ತೆರೆದಿದ್ದ. ಸುಂದರಿ ಆಗ ಬಟ್ಟೆ ಮಡಚುತ್ತ, "ಉರಣ್‌ನಲ್ಲಾದರೆ ಒಂದು ಗಾಳಿಗೆ ಒಣಗಿ ಗರಿಗರಿ ಆಗ್ತಿತ್ತು. ಇಲ್ಲಿ ನೋಡಿ, ಎರಡು ದಿನವಾದರೂ ನಾಯಿಯ ವಾಸನೆ" ಎಂದಳು. ಯಾವುದಕ್ಕೂ ಅವಳಿಗೆ ಉರಣ್‌ನ ಹೋಲಿಕೆ ಬೇಕು. ಅಲ್ಲಿಯ ಬಾವಿಯ ನೀರಿನಲ್ಲಿ ಬೇಳೆ ಬೇಗ ಬೇಯುತ್ತದೆ, ಅಲ್ಲಿ ತಲೆನೋವು ಬರುವುದಿಲ್ಲ, ಅಲ್ಲಿ ನಿದ್ದೆ ಅಂದರೆ ನಿದ್ದೆ. ಡೊಂಬಿವಲಿಯ ಈ ಫ್ಲಾಟನ್ನು ಅವಳು ಎಲ್ಲರಂತೆ ರೂಮು ಎನ್ನುತ್ತಿದ್ದಳು. "ಮನೆಗೆ ಹೋಗಿ ಬರುವ" ಎಂದರೆ ಅದು ಉರಣ್. ಈ ರೂಮಿನ ಕಂತು ಕಟ್ಟಿ ಮುಗಿಸುವಷ್ಟರಲ್ಲಿ ತಾರಾನಾಥನ ತಲೆ ಬೆಳ್ಳಗಾಗಿತ್ತು. ಕೊನೆಯ ಕಂತು ಕಟ್ಟಿದ ದಿನ ಪೇಡೆ ತಂದಿದ್ದ, ಅವಳು ದೇವರ ಮುಂದಿಟ್ಟು ಕೈಮುಗಿದು, "ಒಳ್ಳೆಯದಾಯ್ತು" ಎಂದಿದ್ದಳು. ಅಷ್ಟೇ. ಅದೇ ವರ್ಷ ಉರಣ್‌ನಲ್ಲಿ ದೇವದಾಸನ ಹೊಸ ಮನೆಯ ಒಕ್ಕಲು, ಗೃಹಪ್ರವೇಶ. ಸಮುದ್ರಕ್ಕೆ ಮುಖಮಾಡಿದ ಉದ್ದನೆಯ ಜಗಲಿ, ಮಂಗಳೂರು ಹಂಚಿನ ಮಾಡು, ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಹಿಂದೆ ಬಾವಿ, ಗಾಳಿಮರಗಳ ಆಚೆಗೆ ಮರಳು. ಸುಂದರಿ ದೀಪ ಹಿಡಿದು ಹೊಸಿಲು ದಾಟಿ ಒಳಗೆ ಹೋದವಳು ಅತ್ತುಬಿಟ್ಟಿದ್ದಳು. ಸಂತೋಷಕ್ಕೆ ಅಳುವುದು ಅವಳಿಗೆ ಬರುತ್ತದೆ ಎಂದು ತಾರಾನಾಥನಿಗೆ ಗೊತ್ತಾದದ್ದು ಅಂದು.

ಠಾಣೆಯಲ್ಲಿ ಇಳಿದು ನೆರೂಳಿನ ಗಾಡಿ ಹಿಡಿದ. ರಬಾಳೆ ದಾಟುವಾಗ ಮಳೆ ಓರೆಯಾಗಿ ಒಳಗೆ ಹೊಡೆಯಿತು. ಎದುರು ಕುಳಿತವನು ಶಟರ್ ಎಳೆಯಿರಿ ಎಂದು ಹಿಂದಿಯಲ್ಲಿ ರೇಗಿದ, ತಾರಾನಾಥ ಡಬ್ಬಿ ಬಿಟ್ಟು ಎಳೆಯಲೋ ಡಬ್ಬಿ ಹಿಡಿದೇ ಎಳೆಯಲೋ ತಿಳಿಯದೆ ಒದ್ದೆಯಾದ. ಹಿಂದೊಂದು ಮೇ ತಿಂಗಳು, ಉರಣ್‌ನಲ್ಲಿ, ಮಧ್ಯಾಹ್ನದ ನಿದ್ದೆಯಿಂದ ಎದ್ದಾಗ ಯಾರೋ ಹೆಂಗಸು ನಗುವುದು ಕೇಳಿಸಿತ್ತು. ಹೊಟ್ಟೆ ಹಿಡಿದುಕೊಂಡು, ಉಸಿರುಗಟ್ಟಿ, ಮತ್ತೆ ಶುರುಮಾಡಿ ನಗುವ ನಗು. ಯಾರಪ್ಪ ಈ ಹೆಂಗಸು, ಮಾನ ಮರ್ಯಾದೆ ಇಲ್ಲದೆ, ಅಂದುಕೊಂಡೇ ಜಗಲಿಗೆ ಬಂದು ನೋಡಿದರೆ ಸಮುದ್ರ ಇಳಿದಿತ್ತು. ಕೆಸರು ಮರಳಿನಲ್ಲಿ ಸುಂದರಿ ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ ತಮ್ಮನ ಜೊತೆ ಮರುವಾಯಿ ಚಿಪ್ಪುಮೀನು ಹೆಕ್ಕುತ್ತಿದ್ದಳು. ದೇವದಾಸ ಏನೋ ಹೇಳುತ್ತಿದ್ದ, ಅವಳು ಅವನ ಬೆನ್ನಿಗೆ ಗುದ್ದಿ ಮತ್ತೆ ನಗುತ್ತಿದ್ದಳು. ತನ್ನ ಹೆಂಡತಿಯ ನಗು ತನಗೆ ಗುರುತು ಸಿಗಲಿಲ್ಲ. ತಾರಾನಾಥ ಅಲ್ಲಿಂದ ಹಿಂದೆ ಸರಿದು, ಹೋಗಿ ಮತ್ತೆ ಮಲಗಿ, ನಿದ್ದೆ ಬಂದವನಂತೆ ಕಣ್ಣು ಮುಚ್ಚಿದ್ದ. ಸಂಜೆ ಅವಳು ಮರುವಾಯಿಯ ಸುಕ್ಕ ಬಡಿಸಿದಾಗ ಹೊಟ್ಟೆ ಸರಿಯಿಲ್ಲ ಎಂದಿದ್ದ. ಹೊಟ್ಟೆ ನಿಜಕ್ಕೂ ಸರಿಯಿರಲಿಲ್ಲ. ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಎಂದು ಸುಮ್ಮನೆ ಹೇಳುತ್ತಾರೆಯೆ? ಬೇರೊಬ್ಬ ಗಂಡಸಾಗಿದ್ದರೆ ಜಗಳವಾಡಬಹುದಿತ್ತು, ಊರಿಗೆ ಹೇಳಬಹುದಿತ್ತು. ಹೆಂಡತಿಯ ತಮ್ಮನ ಮೇಲೆ, ಅದೂ ಒಂದು ಮನೆಯ ಮೇಲೆ ಹೊಟ್ಟೆಕಿಚ್ಚು ಪಡುವವನು ಯಾರ ಹತ್ತಿರ ಹೇಳಿಕೊಳ್ಳುತ್ತಾನೆ?

ದೇವದಾಸ ಒಮ್ಮೆಯಾದರೂ ಅಹಂಕಾರ ತೋರಿಸಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವನು ತೋರಿಸುವವನಲ್ಲ. ಅಪ್ಪನಿಲ್ಲದ ಹುಡುಗ, ಮೀಸೆ ಮೂಡುವ ಮೊದಲೇ ಕಾಪುವಿನಿಂದ ಬಸ್ಸು ಹತ್ತಿ ಅಕ್ಕನ ಹತ್ತಿರ ಬಂದಿದ್ದ. ಆಗ ಬಾಡಿಗೆಯ ಕೋಣೆ. ಕೋಣೆಯೊಳಗೇ ಬಚ್ಚಲಾಗಿದ್ದ ಮೋರಿಯ ಪಕ್ಕ ಚಾಪೆ ಹಾಸಿ ಮಲಗುತ್ತಿದ್ದ. ಕಲ್ಯಾಣ್‌ನ ಹೋಟೆಲೊಂದರಲ್ಲಿ ಕಪ್ಪು ತೊಳೆಯುವ ಕೆಲಸಕ್ಕೆ ಹಚ್ಚಿದವನು ತಾರಾನಾಥ, ರಾತ್ರಿ ಶಾಲೆಗೆ ಸೇರಿಸಿದವನೂ ಅವನೇ. ಹುಡುಗ ಕಪ್ಪಿನಿಂದ ಟೇಬಲ್ಲಿಗೆ, ಟೇಬಲ್ಲಿನಿಂದ ಗಲ್ಲಾಕ್ಕೆ ಬಂದ. ಗಲ್ಲಾದಿಂದ ಎದ್ದು ನೆರೂಳಿನಲ್ಲಿ ತನ್ನದೇ ಹೋಟೆಲು ಹಾಕಿದ, ವಾಶಿಯಲ್ಲಿ ಇನ್ನೊಂದು. ಇವತ್ತಿಗೂ ಭಾವನೆದುರು ಕುರ್ಚಿಯಲ್ಲಿ ಕೂರುವುದಿಲ್ಲ. ಕಾರು ತೆಗೆದುಕೊಂಡಾಗ ಮೊದಲು ಡೊಂಬಿವಲಿಗೆ ತಂದು, "ಭಾವಾ, ನೀವೊಮ್ಮೆ ಕೂತುಕೊಳ್ಳಿ" ಎಂದಿದ್ದ. ತಾರಾನಾಥ ಕೂತಿದ್ದ, ಹಿಂದಿನ ಸೀಟಿನಲ್ಲಿ, ಕಾಲಿನ ಕೆಸರು ತಾಗದಂತೆ ಮಂಡಿ ಎತ್ತಿ ಹಿಡಿದುಕೊಂಡು. ಸೊಸೈಟಿಯವರು ಬಾಲ್ಕನಿಯಿಂದ ನೋಡುತ್ತಿದ್ದರು. ಹತ್ತಿಸಿದ ಏಣಿಯನ್ನು ಮರೆಯದವನ ಮುಂದೆ ಏಣಿಯಾಗಿ ನಿಂತೇ ಇರಬೇಕಾಗುವುದು ಎಂಥ ಕಷ್ಟ ಎಂದು ಯಾರಿಗೂ ತಿಳಿಯದು.

ನೆರೂಳಿನಿಂದ ಹೊರಟ ಬಸ್ಸು ಇಳಿದು, ಕಂಟೇನರ್ ಲಾರಿಗಳ ಸಾಲು ದಾಟಿ, ರಿಕ್ಷಾ ಹಿಡಿದು ಮನೆ ಮುಟ್ಟಿದಾಗ ಅವರೆಲ್ಲ ಬಂದಾಗಿತ್ತು. ಗೇಟಿನ ಬಳಿ ಬಿಳಿಯ ಕಾರು. ಜಗಲಿಯಲ್ಲಿ ಕನ್ನಡಕದ ಗಂಡಸೊಬ್ಬ ಸೊಂಟದ ಮೇಲೆ ಕೈಯಿಟ್ಟು ಮಾಡಿನ ತೊಲೆಗಳನ್ನು ನೋಡುತ್ತಿದ್ದ. ಶ್ರೀನಿ ಎಂದು ಹೆಸರು, ಬ್ಯಾಂಕೊಂದರಲ್ಲಿ ದೊಡ್ಡ ಹುದ್ದೆ, ಬೆಂಗಳೂರಿನ ಕಡೆಯವನು. ಅವನ ಹೆಂಡತಿ ಜಾನಕಿ ಒಳಗಿನಿಂದ ಒಂದೊಂದೇ ಕಿಟಕಿ ತೆರೆಯುತ್ತ ಬರುತ್ತಿದ್ದಳು. ಮುಚ್ಚಿಟ್ಟ ಮನೆಯ ಬೂಷ್ಟು ವಾಸನೆಯನ್ನು ಗಾಳಿ ಹೊರಗೆ ತಳ್ಳುತ್ತಿತ್ತು. "ಅಯ್ಯೋ ಶ್ರೀನಿ, ಇಲ್ ಬಾರೋ, ಅಡುಗೆಮನೆಯಿಂದಾನೇ ಸಮುದ್ರ ಕಾಣ್ಸುತ್ತೆ!" ಎಂದು ಅವಳು ಕೂಗಿದಳು. ಒದ್ದೆ ಅಂಗಿಯಲ್ಲಿ, ಎರಡು ಚೀಲ ಹಾಕಿ ಕಟ್ಟಿದ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲ ಕೆಳಗೆ ನಿಂತ ತಾರಾನಾಥನನ್ನು ಕಂಡು ಅವಳು ಬಹಳ ಸೌಜನ್ಯದಿಂದ, "ಮನೆ ನೋಡ್ಕೊಳ್ಳೋರು ನೀವೇನಾ? ತುಂಬಾ ಚೆನ್ನಾಗಿ ಇಟ್ಕೊಂಡಿದೀರ" ಎಂದಳು. ಹಿಂದಿನಿಂದ ಬಂದ ದೇವದಾಸನ ಮುಖ ಕೆಂಪಾಯಿತು. "ಅಲ್ಲ ಅಲ್ಲ ಮೇಡಂ, ನಮ್ಮ ಭಾವ. ನನಗೆ ಅನ್ನ ಹಾಕಿ ಬೆಳೆಸಿದವರು. ಇವರಿಲ್ಲದಿದ್ದರೆ ಈ ಮನೆಯೇ ಇಲ್ಲ" ಎಂದು ಬಗ್ಗಿ ತಾರಾನಾಥನ ಕಾಲು ಮುಟ್ಟಿದ. ಜಾನಕಿ ನಾಲಿಗೆ ಕಚ್ಚಿಕೊಂಡು, "ಸಾರಿ ಅಂಕಲ್" ಎಂದಳು. ಅವಳ ತಪ್ಪಿಗಿಂತ ಅವನ ತಿದ್ದುಪಡಿಯೇ ತಾರಾನಾಥನಿಗೆ ಹೆಚ್ಚು ಉರಿಯಿತು.

ಅವರು ಕೋಣೆ ಕೋಣೆ ನೋಡಿದರು. ಇದು ಮಗಳು ಮಾನ್ಯಾಗೆ, ಇದು ಊರಿಂದ ಅಮ್ಮ ಬಂದರೆ, ಇಲ್ಲಿ ಪುಸ್ತಕ, ಇಲ್ಲಿ ಯೋಗ. ಶ್ರೀನಿ ಗೋಡೆಗೆ ಬೆರಳು ಬಡಿದು, ಉಪ್ಪಿಗೆ ಕಬ್ಬಿಣ ಹೇಗೆ ಬಾಳುತ್ತದೆ, ದೊಡ್ಡ ಅಲೆಯ ದಿನ ನೀರು ಎಲ್ಲಿಯವರೆಗೆ ಬರುತ್ತದೆ ಎಂದೆಲ್ಲ ಕೇಳಿದ. ದೇವದಾಸ ಇದ್ದದ್ದು ಇದ್ದ ಹಾಗೆ ಹೇಳಿದ, ಕಿಟಕಿಯ ಸರಳು ಆಗಾಗ ಬದಲಿಸಬೇಕು ಎಂದೂ ಸೇರಿಸಿದ. ಮಾರುವವನು ಹೀಗೂ ಮಾತಾಡುತ್ತಾನೆಯೆ? ಇದ್ದವನಿಗೆ ಬಿಡುವುದೂ ಸಲೀಸು ಎಂದು ತಾರಾನಾಥ ಅಂದುಕೊಂಡ. ಬಿಟ್ಟುಕೊಡುವುದರಲ್ಲೂ ಈ ಹುಡುಗ ತನಗಿಂತ ದೊಡ್ಡವನಾಗುತ್ತಿದ್ದ. ಇವತ್ತಿಗೆ ಈ ಮನೆ ಹೋದರೆ ಹೊಟ್ಟೆ ತಣ್ಣಗಾಗುತ್ತದೆ ಎಂದುಕೊಂಡು ಬಂದಿದ್ದನಲ್ಲ, ಅದೇಕೆ ತಣ್ಣಗಾಗುತ್ತಿಲ್ಲ ಎಂದು ನೋಡಿಕೊಳ್ಳುವಷ್ಟರಲ್ಲಿ ಜಾನಕಿ ಜಗಲಿಗೆ ಬಂದು, ಚಪ್ಪಲಿ ಕಳಚಿ, ಮೂಲೆಯ ಕಂಬಕ್ಕೆ ಬೆನ್ನು ಕೊಟ್ಟು, ಕಾಲು ಚಾಚಿ ಕುಳಿತಳು. ಅದು ಸುಂದರಿಯ ಜಾಗ. ಅಲ್ಲಿಯೇ, ಹಾಗೆಯೇ ಕಾಲು ಚಾಚಿ, ಮುಡಿ ಬಿಚ್ಚಿ ಅವಳು ಕೂರುತ್ತಿದ್ದಳು. ದೂರದಲ್ಲಿ ಬಂದರಿಗೆ ಸರದಿ ಕಾಯುವ ಹಡಗುಗಳನ್ನು ನೋಡುತ್ತ, ಕರೆದರೆ ಮೂರು ಸಲ ಕರೆದ ಮೇಲೆ ಹ್ಞೂಂ ಎನ್ನುತ್ತಿದ್ದಳು. ಏಳಮ್ಮ ಅಲ್ಲಿಂದ ಎಂದು ತಾರಾನಾಥನ ಬಾಯಿಗೆ ಬಂದೇಬಿಟ್ಟಿತ್ತು. ಏಳಿಸಿ ಯಾರನ್ನು ಕೂರಿಸುವುದು? ಈ ಹೆಂಗಸಿನ ಮೇಲೂ ಅವನಿಗೆ ಹೊಟ್ಟೆ ಉರಿಯಿತು. ಬಂದು ಒಂದು ತಾಸಾಗಲಿಲ್ಲ, ತನ್ನ ಗಂಡನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಿದ್ದಳು. ತಾನು ಬರುತ್ತಿದ್ದ ಅಷ್ಟೂ ವರ್ಷ ಸುಂದರಿ ಒಮ್ಮೆಯೂ ಆ ಜಾಗಕ್ಕೆ ತನ್ನನ್ನು ಕರೆದಿರಲಿಲ್ಲ. ಅಥವಾ ಕರೆದಿದ್ದಳೋ, ತಾನು ಪೇಪರು ಓದುತ್ತಿದ್ದೆನೋ.

ದೇವದಾಸ ಅವನನ್ನು ಹಿಂದಿನ ಅಂಗಳಕ್ಕೆ ಕರೆದುಕೊಂಡು ಹೋದ. ಬಾವಿಕಟ್ಟೆಯ ಮೇಲೆ ಪತ್ರೊಡೆಯ ಗಂಟು ಇಟ್ಟು, ಅದನ್ನು ಬಿಚ್ಚದೆ, ಅದರ ಮೇಲೆ ಕೈಯಿಟ್ಟುಕೊಂಡು ನಿಂತ. ಮಳೆ ಬಿಟ್ಟಿತ್ತು. ಗಾಳಿಮರಗಳಿಂದ ಹನಿ ಬೀಳುತ್ತಿತ್ತು.

"ಭಾವಾ, ಅಕ್ಕ ಎಂತ ಹೇಳಿದಳು?"

ಕೇಳಿಲ್ಲ ಮಾರಾಯ, ಮರೆತೆ, ಇವತ್ತು ರಾತ್ರಿ ಕೇಳುತ್ತೇನೆ ಎನ್ನಬಹುದಿತ್ತು. ಎಷ್ಟು ಸಣ್ಣ ಮಾತು. ಆದರೆ ಕೇಳಿದರೆ ಅವಳು ಬೇಡವೆನ್ನುತ್ತಾಳೆ. ಬೇಡವೆಂದರೆ ಈ ಮನೆ ಇಲ್ಲೇ ಇರುತ್ತದೆ, ಬೀಗದ ಕೈ ಅವಳ ಸೆರಗಿಗೆ ಬರುತ್ತದೆ, ಮನೆ ಹಾಳಾಗಬಾರದಲ್ಲ ಎಂದು ವಾರಕ್ಕೊಮ್ಮೆ ಗುಡಿಸಲು ಬರುತ್ತಾಳೆ, ಬಂದು ಒಬ್ಬಳೇ ಆ ಕಂಬಕ್ಕೆ ಒರಗಿ ಕೂರುತ್ತಾಳೆ. ತಾನು ಡೊಂಬಿವಲಿಯಲ್ಲಿ ಕುಕ್ಕರಿನ ಸೀಟಿ ಎಣಿಸುತ್ತ ಕಾಯಬೇಕು.

"ಮಾರಲಿ ಅಂದಳು" ಎಂದ ತಾರಾನಾಥ.

ದೇವದಾಸ ಗಂಟಿನ ತುದಿಯನ್ನು ಬೆರಳಲ್ಲಿ ತಿರುವಿದ. "ಅಷ್ಟೇಯಾ?"

"ಪುಷ್ಪನಿಗಿಂತ ಮನೆ ದೊಡ್ಡದಾ ಅಂತ ಕೇಳಿದಳು."

ಈ ಮಾತು ಎಲ್ಲಿಂದ ಬಂತೋ. ಥೇಟು ಸುಂದರಿಯ ಮಾತು, ಅವಳದೇ ದನಿ. ಒಂದು ಸುಳ್ಳಿನ ಪಕ್ಕಕ್ಕೆ ಆಸರೆಯಾಗಿ ಇನ್ನೊಂದನ್ನು ನಿಲ್ಲಿಸುವುದು ತನಗೆ ಇಷ್ಟು ಚೆನ್ನಾಗಿ ಬರುತ್ತದೆಂದು ತಾರಾನಾಥನಿಗೆ ತಿಳಿದಿರಲಿಲ್ಲ. ದೇವದಾಸ ಗಂಟು ಬಿಚ್ಚಿದ. ಚೀಲ, ಇನ್ನೊಂದು ಚೀಲ, ಟವೆಲು. ಡಬ್ಬಿ ತೆರೆದು ನೋಡಿದವನ ಕಣ್ಣು ತುಂಬಿತು. "ಮನೆ ಮಾರ್ತೇನೆ ಅಂದವನಿಗೆ ಪತ್ರೊಡೆ ಮಾಡಿ ಕಳಿಸಿದ್ದಾಳೆ ನೋಡಿ ಭಾವಾ. ಹಾಗಾದರೆ ಅವಳಿಗೆ ನನ್ನ ಮೇಲೆ ಬೇಸರ ಇಲ್ಲ." ಕಾಯಿಸುವುದಕ್ಕೂ ಕಾಯದೆ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡ. "ನಿಮ್ಮ ಹತ್ತಿರ ಹೇಳ್ತೇನೆ. ಅವಳು ಬೇಡ ಅನ್ನಲಿ ಅಂತ ಇತ್ತು ನನಗೆ. ಒಂದು ಸಲ ಬೇಡ ಅಂದಿದ್ದರೆ ಸಾಕಿತ್ತು, ಇವರನ್ನು ಹೀಗೇ ವಾಪಸು ಕಳಿಸುತ್ತಿದ್ದೆ." ಇನ್ನೊಂದು ತುಂಡು ಮುರಿದು ಭಾವನಿಗೆ ಕೊಟ್ಟ. ತಾರಾನಾಥ ತಿಂದ. ಬೆಳಿಗ್ಗೆಯಿಂದ ಆಸೆಪಟ್ಟ ತುಂಡು, ಹುಳಿ ಖಾರ ಬೆಲ್ಲ ಎಲ್ಲ ಸರಿಯಾಗಿತ್ತು, ಗಂಟಲಲ್ಲಿ ಮಾತ್ರ ಸ್ವಲ್ಪ ತುರಿಸಿತು.

ಜಗಲಿಗೆ ಬಂದು ದೇವದಾಸ ಶ್ರೀನಿಯ ಕೈಗೆ ವೀಳ್ಯದೆಲೆ, ಅಡಿಕೆ, ಸಿಪ್ಪೆ ಸುಲಿದ ತೆಂಗಿನಕಾಯಿ ಕೊಟ್ಟು, "ನಮ್ಮ ಕಡೆಯಿಂದ ಮಾತು ಆಯ್ತು ಸರ್. ಇನ್ನು ಇದು ನಿಮ್ಮದು" ಎಂದ. "ಅಗ್ರಿಮೆಂಟ್ ಡ್ರಾಫ್ಟು ನಮ್ಮ ವಕೀಲರು..." ಎಂದು ಶ್ರೀನಿ ತೆಂಗಿನಕಾಯಿ ಎಲ್ಲಿಡುವುದೆಂದು ತಿಳಿಯದೆ ನಿಂತ. "ಅದೆಲ್ಲ ನಿಧಾನ ಆಗಲಿ. ಅಕ್ಕ ಹೇಳಿ ಆಯ್ತಲ್ಲ, ಇನ್ನು ಬದಲು ಇಲ್ಲ" ಎಂದ ದೇವದಾಸ. ಆ ಅಕ್ಕ ಯಾರು ಎಂದು ಶ್ರೀನಿ ಕೇಳಲಿಲ್ಲ. ಅವನಿಗೆ ಅದು ಬೇಕಾಗಿರಲಿಲ್ಲ.

ಹಿಂತಿರುಗುವಾಗ ದೇವದಾಸ ಕಾರಿನಲ್ಲಿ ನೆರೂಳಿನವರೆಗೆ ಬಿಟ್ಟ. ಠಾಣೆಯ ಗಾಡಿಯಲ್ಲಿ ಜನವಿತ್ತು, ತಾರಾನಾಥ ಬಾಗಿಲ ಹತ್ತಿರ ಕಂಬ ಹಿಡಿದು ನಿಂತ. ಈಗ ಅವಳಿಗೆ ಹೇಳಬೇಕು. ನಿನ್ನ ಪರವಾಗಿ ನಾನೇ ಹೌದೆಂದು ಬಂದೆ ಎನ್ನುವುದೆ? ಪುಷ್ಪಳ ಕಾಯಿಲೆ ಜೋರಾಗಿದೆ, ಸಮಯವಿರಲಿಲ್ಲ, ಯಾರಾದರೂ ಒಬ್ಬರು ತೀರ್ಮಾನಿಸಬೇಕಿತ್ತು. ಘನ್ಸೋಲಿಯವರೆಗೆ ಇದು ಸರಿಯೆನಿಸಿತು. ಐರೋಲಿಯಲ್ಲಿ ಜನ ನುಗ್ಗಿದಾಗ ಬಿದ್ದುಹೋಯಿತು. ಠಾಣೆಯ ಸೇತುವೆ ಹತ್ತುವಾಗ ಇನ್ನೊಂದು ಹೊಳೆಯಿತು, ಹೊಳೆದದ್ದಕ್ಕೆ ಅವನಿಗೇ ಭಯವಾಯಿತು. ದೇವದಾಸ ಅವಳನ್ನು ಕೇಳಲೇ ಇಲ್ಲ ಎಂದರೆ? ಕ್ರಮ ಮುರಿದವನು ಅವನು ಎಂದಾದರೆ? ಆಗ ಮನೆಯ ಜೊತೆಗೆ ತಮ್ಮನೂ ಹೋಗುತ್ತಾನೆ. ಹೋಗಿ ಅವಳು ಎಲ್ಲಿಗೆ ಬರುತ್ತಾಳೆ, ಇಲ್ಲಿಗಲ್ಲದೆ? ಛೆ, ಉಂಡ ಮನೆಗೆ ಎರಡು ಬಗೆಯುವುದೆ ಎಂದು ತನ್ನನ್ನು ತಾನೇ ಬೈದುಕೊಂಡ. ಆಮೇಲೆ, ಉಂಡವನು ಅವನಲ್ಲವೆ, ಇಕ್ಕಿದವನು ನಾನು, ಎಂದೂ ಅಂದುಕೊಂಡ. ಡೊಂಬಿವಲಿಯಲ್ಲಿ ಇಳಿದಾಗ ಸಂಜೆಯಾಗುತ್ತಿತ್ತು, ಗಾಳಿಯಲ್ಲಿ ಕಾರ್ಖಾನೆಗಳ ಕಡೆಯ ಹುಳಿ ವಾಸನೆ ಇತ್ತು. ಬರಿಗೈಯಲ್ಲಿ ನಡೆಯುವುದು ಅಭ್ಯಾಸ ತಪ್ಪಿದವನಂತೆ ಕೈಯನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ.

ದಿಶಾ ಗೆಳತಿಯ ಮನೆಗೆ ಹೋಗಿದ್ದಳು. ಸುಂದರಿ ಒಲೆಯ ಮುಂದೆ ನಿಂತು ಬಂಗುಡೆಗೆ ಮಸಾಲೆ ಹಚ್ಚುತ್ತಿದ್ದಳು. "ಪಂಪು ಸರಿಯಾಯ್ತಾ? ಪತ್ರೊಡೆ ತಿಂದನಾ? ಉಪ್ಪು ಸರಿ ಇತ್ತಾ?" ಮೂರೂ ಪ್ರಶ್ನೆಯನ್ನು ತಿರುಗಿ ನೋಡದೆಯೇ ಕೇಳಿದಳು.

"ದೇವದಾಸ ಮನೆ ಮಾರಿದ" ಎಂದ ತಾರಾನಾಥ.

"ಯಾವ ಮನೆ?"

"ಉರಣ್‌ನದ್ದು. ಪುಷ್ಪನಿಗೆ ಅಲ್ಲಿಯ ಗಾಳಿ ಆಗುವುದಿಲ್ಲವಂತೆ. ಇವತ್ತು ಗಿರಾಕಿ ಬಂದಿದ್ದರು. ತೆಂಗಿನಕಾಯಿ ಕೊಟ್ಟು ಮಾತು ಮುಗಿಸಿದ."

ಅವಳ ಕೈ ಮೀನಿನ ಮೇಲೆ ನಿಂತಿತು. "ನನ್ನನ್ನು ಕೇಳದೆಯಾ?"

ಈಗಲೂ ಹೇಳಬಹುದಿತ್ತು. "ಕೇಳಬೇಕು ಅಂತ ಅನಿಸಿರಲಿಕ್ಕಿಲ್ಲ. ದೊಡ್ಡ ಮನುಷ್ಯ ಈಗ" ಎಂದ. ಹೇಳಿದ ಮೇಲೆ ಅವಳ ಬೆನ್ನನ್ನೇ ನೋಡುತ್ತ ನಿಂತ. ಅವಳು ಅಳುತ್ತಾಳೆ, ಅತ್ತರೆ ಹತ್ತಿರ ಹೋಗಿ ಹೆಗಲ ಮೇಲೆ ಕೈಯಿಡಬೇಕು, ಹೋಗಲಿ ಬಿಡು, ನಾನಿಲ್ಲವೆ ಎನ್ನಬೇಕು. ಇದನ್ನೆಲ್ಲ ಅವನು ದಾರಿಯಲ್ಲಿ ಯೋಚಿಸಿಟ್ಟಿದ್ದ. ಸುಂದರಿ ನಲ್ಲಿ ತಿರುಗಿಸಿ ಕೈ ತೊಳೆದಳು. ಬಹಳ ಹೊತ್ತು ತೊಳೆದಳು. ಆಮೇಲೆ ಸೆರಗಿಗೆ ಕೈ ಒರೆಸುತ್ತ ತಿರುಗಿದಾಗ ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. "ಪಾಪ" ಎಂದಳು. "ಎಷ್ಟು ಒದ್ದಾಡಿದನೋ ಏನೋ. ಕೇಳಿದ್ದರೆ ಬೇಡ ಅಂತ ನನ್ನ ಬಾಯಿಗೆ ಬಂದುಬಿಡ್ತಿತ್ತು ಮಾರಾಯ್ರೆ. ನಾನು ಬೇಡ ಅಂದರೆ ಅವನು ಮಾರುವವನಲ್ಲ. ಆ ಕಡೆ ಪುಷ್ಪನ ಜೀವ, ಈ ಕಡೆ ನಾನು. ಅದಕ್ಕೇ ಕೇಳಲಿಲ್ಲ. ಕ್ರಮ ತಪ್ಪಿದೆ ಅಂತ ಊಟ ಸಹ ಮಾಡಿರ್ಲಿಕ್ಕಿಲ್ಲ ಅವನು." ಫೋನು ಎತ್ತಿಕೊಂಡು ಸಂಖ್ಯೆ ಒತ್ತಿದಳು.

"ಯಾಕೆ ಈಗ? ನಾಳೆ ಮಾಡು" ಎಂದ ತಾರಾನಾಥ. ಅವನ ದನಿ ಅವನಿಗೇ ವಿಚಿತ್ರವಾಗಿ ಕೇಳಿಸಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ, ಮಂಚದ ಮೇಲಿದ್ದ ಬೆಳಗಿನ ಪೇಪರನ್ನು ತೆಗೆದು ಮುಖಕ್ಕೆ ಅಡ್ಡ ಹಿಡಿದ. ಅವಳು ಆಗಲೇ ಮಾತಾಡುತ್ತಿದ್ದಳು.

"ದೇವೂ... ಊಟ ಆಯ್ತಾ? ಇಲ್ಲ, ಸುಮ್ಮನೆ ಮಾಡಿದ್ದು. ಭಾವ ಹೇಳಿದರು... ನೋಡು ಮಗಾ, ನೀನು ಎಂತ ಸಹ ಮನಸ್ಸಿಗೆ ಹಚ್ಚಿಕೊಳ್ಳಬೇಡ, ನನ್ನನ್ನು ಕೇಳ..."

ಅಲ್ಲಿಗೆ ನಿಂತಳು. ಆಚೆಯಿಂದ ದೇವದಾಸ ಮಾತಾಡುತ್ತಿದ್ದ. ಮಾತು ಕೇಳಿಸುತ್ತಿರಲಿಲ್ಲ, ದನಿ ಮಾತ್ರ ಜೇನುನೊಣದ ಹಾಗೆ ಗುಂಯ್ ಎನ್ನುತ್ತಿತ್ತು, ನಡುವೆ ಒಡೆಯುತ್ತಿತ್ತು. ಪೇಪರಿನ ಈಚೆ ತಾರಾನಾಥ ಒಂದೇ ಸಾಲನ್ನು ನೋಡುತ್ತಿದ್ದ. ಅವಳು ತನ್ನ ಕಡೆ ತಿರುಗಿದ್ದಾಳೆಂದು ಅವನಿಗೆ ನೋಡದೆಯೇ ಗೊತ್ತಾಯಿತು. ಆ ನೋಟ ಎಷ್ಟು ಹೊತ್ತು ಇತ್ತೆಂದರೆ, ಪೇಪರು ತಾನಾಗಿಯೇ ಕೆಳಗೆ ಇಳಿಯಿತು. ಸುಂದರಿ ಅವನನ್ನೇ ನೋಡುತ್ತ, ಒಂದು ರೆಪ್ಪೆಯನ್ನೂ ಅಲುಗಿಸದೆ, ಫೋನಿಗೆ ಹೇಳಿದಳು.

"ಹೌದು. ನಾನೇ ಹೇಳಿ ಕಳಿಸಿದ್ದು. ಭಾವನ ಹತ್ತಿರ ನಾನೇ ಹೇಳಿದ್ದು... ಮತ್ತೆ? ಪುಷ್ಪನಿಗಿಂತ ಮನೆ ದೊಡ್ಡದಾ?... ಇಲ್ಲ, ಅಳುವುದೆಂತದು, ಶೀತ ಆಗಿದೆ... ಪತ್ರೊಡೆ ಅದಕ್ಕೇ ಕಳಿಸಿದ್ದಲ್ವಾ ಮತ್ತೆ. ಸಮಾಧಾನದಲ್ಲಿ ಮಾರು. ಊಟ ಮಾಡು ಹೋಗು."

ತಾನು ಬಾವಿಕಟ್ಟೆಯ ಬಳಿ ಕಟ್ಟಿದ ಮಾತು ಅಕ್ಷರ ತಪ್ಪದೆ ಅವಳ ಬಾಯಿಂದ ಬಂದಿತ್ತು. ಇನ್ನು ಅದು ಸುಳ್ಳಲ್ಲ. ಅವಳು ಒಪ್ಪಿಗೆ ಕೊಟ್ಟಾಗಿತ್ತು. ಫೋನು ಇಟ್ಟು, ಒಲೆ ಹಚ್ಚಿ, ಕಾವಲಿಗೆ ಎಣ್ಣೆ ಬಿಟ್ಟು ಮೀನು ಹಾಕಿದಳು. ಚುಂಯ್ ಎಂದು ಹೊಗೆ ಎದ್ದಿತು. ಬೈಯಲಿ, ತಟ್ಟೆ ಎಸೆಯಲಿ ಎಂದು ತಾರಾನಾಥ ಕಾದ. ಅವಳು ಎಂದಿನಂತೆ ತಟ್ಟೆಯಿಟ್ಟು, ನೀರಿಟ್ಟು, ಕುಚ್ಚಲಕ್ಕಿ ಅನ್ನ ಬಡಿಸಿ, ಗರಿಗರಿಯಾದ ತುಂಡನ್ನೇ ಆರಿಸಿ ಅವನಿಗೆ ಹಾಕಿದಳು. ತಡೆಯಲಾರದೆ ಅವನೇ ಕೇಳಿದ, "ಯಾಕೆ ಹಾಗೆ ಹೇಳಿದೆ ಅವನಿಗೆ?"

"ಮತ್ತೆ ಎಂತ ಹೇಳುವುದು?" ಅವಳ ದನಿಯಲ್ಲಿ ಏರಿಳಿತವಿರಲಿಲ್ಲ. "ನಿನ್ನ ಭಾವ ಸುಳ್ಳು ಹೇಳಿದ್ದು ಅಂತ ಹೇಳುವುದಾ? ಅಪ್ಪನ ಮುಖ ನೋಡದ ಮಗು ಅದು. ನಿಮ್ಮನ್ನು ನೋಡಿಯೇ ದೊಡ್ಡವನಾದದ್ದು. ಮನೆ ಹೋಯ್ತು, ಹೋಗಲಿ. ನಿಮ್ಮ ಮೇಲಿನ ನಂಬಿಕೆ ಸಹ ಹೋದರೆ ಅವನು ಎಂತ ಮಾಡುವುದು?"

ನಾಚಿಕೆಯಾಗಬೇಕಿತ್ತು. ಬರುತ್ತದೆಂದು ತಾರಾನಾಥ ತಲೆ ತಗ್ಗಿಸಿ, ಅನ್ನ ಕಲಸುತ್ತ ಕಾದು ನೋಡಿದ. ಬಂದದ್ದು ಅದಲ್ಲ, ಹಳೆಯದೇ, ಮೇ ತಿಂಗಳ ಆ ಮಧ್ಯಾಹ್ನದ ಉರಿಯೇ. ಇದೂ ಅವನಿಗಾಗಿ. ಇಪ್ಪತ್ತೈದು ವರ್ಷ ಒಂದು ಸಣ್ಣ ಸುಳ್ಳನ್ನೂ ಆಡದವಳು, ಕಣ್ಣು ಪಿಳುಕಿಸದೆ, ತನ್ನ ಮನೆಯನ್ನೇ ಕೊಟ್ಟು ಆಡಿದ ಸುಳ್ಳು ಕೂಡ ಅವನು ನೋಯಬಾರದೆಂದು. ನನ್ನ ಮಾನ ಉಳಿದದ್ದು ಅವನಿಗೆ ಬೇಕು ಎಂಬ ಕಾರಣಕ್ಕೆ. ನನಗಾಗಿ ಒಂದು ಸಲ, ಬರೀ ನನಗಾಗಿ, ನೀನು ಹೀಗೆ ಹೇಳುತ್ತಿದ್ದೆಯಾ ಎಂದು ಕೇಳಬೇಕೆನಿಸಿತು. ಅವಳು ಎದುರಿಗೆ ತನ್ನ ತಟ್ಟೆಯಿಟ್ಟುಕೊಂಡು ಕುಳಿತಿದ್ದಳು. ಕೇಳಿದರೆ ಉತ್ತರ ಹೇಳುತ್ತಾಳೆ, ನಿಜವನ್ನೇ ಹೇಳುತ್ತಾಳೆ. ಅವನು ಕೇಳಲಿಲ್ಲ.